ಯುಗಾದಿಗಲ್ಲ, ದಸರೆಗೆ: ಹದಿನೈದು ಸಾವಿರದಲ್ಲಿ ಮಲೆನಾಡಿನಂಥ ಕೈತೋಟ

ಪ್ರಶ್ನೆ: ನಮ್ಮದು ಬೆಂಗಳೂರಿನಲ್ಲಿ ಪಶ್ಚಿಮಕ್ಕೆ ಮುಖ ಮಾಡಿದ ಮನೆ. ಕಾಂಪೌಂಡಿನ ಒಳಗೆ 25 ಅಡಿ ಉದ್ದ, 10 ಅಡಿ ಅಗಲದ ಖಾಲಿ ಜಾಗವಿದೆ. ಮನೆ ಕಟ್ಟಿದಾಗಿನ ಜಲ್ಲಿ, ಇಟ್ಟಿಗೆ ಚೂರು ಇನ್ನೂ ಅಲ್ಲೇ ಇವೆ. ಹೋದ ತಿಂಗಳು ಚಿಕ್ಕಮಗಳೂರಿನ ರೆಸಾರ್ಟೊಂದಕ್ಕೆ ಹೋಗಿದ್ದೆವು. ದಾರಿಯ ಎರಡೂ ಬದಿ ದೊಡ್ಡ ದೊಡ್ಡ ಎಲೆಯ ಗಿಡಗಳು, ಕಾಡಿನೊಳಗೆ ಕಾಲಿಟ್ಟಂತಿತ್ತು. ಅಂಥದ್ದೇ ಬೇಕೆಂದು ಇಲ್ಲಿ ಒಬ್ಬರು ಗಾರ್ಡನ್ ಕಂಟ್ರಾಕ್ಟರನ್ನು ಕೇಳಿದರೆ ಒಂದೂವರೆ ಲಕ್ಷ ಹೇಳಿದರು. ನನ್ನ ಕೈಯಲ್ಲಿರುವುದು 15,000 ರೂಪಾಯಿ. ಯುಗಾದಿಯೊಳಗೆ ಮುಗಿಸುವ ಆಸೆ. ಮೂರು ವರ್ಷದ ಮಗನಿದ್ದಾನೆ, ಅವನಿಗೆ ಆಡಲು ಸ್ವಲ್ಪ ಲಾನ್ ಕೂಡ ಇರಲಿ ಅನ್ನಿಸುತ್ತದೆ. ನನ್ನ ತವರು ತೀರ್ಥಹಳ್ಳಿ ಹತ್ತಿರ. ಅಲ್ಲಿಂದ ಏನಾದರೂ ತರಬಹುದೇ?
— ಓದುಗರೊಬ್ಬರು, ಬೆಂಗಳೂರು

ಉತ್ತರ: ನಿಮ್ಮ ಪ್ರಶ್ನೆಗೆ ಅರ್ಧ ಉತ್ತರ ನಿಮ್ಮ ಕೊನೆಯ ಸಾಲಿನಲ್ಲೇ ಇದೆ. ರೆಸಾರ್ಟಿನಲ್ಲಿ ದುಡ್ಡು ಕೊಟ್ಟು ನೋಡಿ ಬಂದ ಗಿಡಗಳಲ್ಲಿ ಹೆಚ್ಚಿನವು ನಿಮ್ಮ ತವರಿನ ಹಿತ್ತಲಲ್ಲಿ, ಬಚ್ಚಲು ನೀರು ಹೋಗುವ ಕಡೆ, ಯಾರೂ ಕೇಳುವವರಿಲ್ಲದೆ ಬೆಳೆದು ನಿಂತಿರುತ್ತವೆ. ಬಾಳೆ, ಕೆಸು, ಕಾಬಾಳೆ (ನರ್ಸರಿಯವರ ಕ್ಯಾನಾ), ಅರಿಶಿನ, ಸುಗಂಧಿ, ಜರಿಗಿಡ. ಇವನ್ನು ತರಲು ಬಸ್ ಚಾರ್ಜು ಸಾಕು.

ಇನ್ನರ್ಧ ಉತ್ತರ ನಿಮಗೆ ಇಷ್ಟವಾಗಲಿಕ್ಕಿಲ್ಲ. ಯುಗಾದಿಗೆ ಬೇಕೆಂದರೆ ಒಂದೂವರೆ ಲಕ್ಷವೇ ಆಗುತ್ತದೆ. ದಸರೆಗೆ ಆದರೆ ಸಾಕು ಅನ್ನುವುದಾದರೆ ಹದಿನೈದು ಸಾವಿರದಲ್ಲಿ ಆಗುತ್ತದೆ. ಕಂಟ್ರಾಕ್ಟರ್ ನಿಮಗೆ ಮೋಸದ ಲೆಕ್ಕ ಹೇಳಿದ್ದಾರೆಂದು ನಾನು ಹೇಳುವುದಿಲ್ಲ. ಅವರು ಮಾರುವುದು ಬೆಳೆದು ನಿಂತ ಗಿಡವನ್ನು, ಅಂದರೆ ಬೇರೆ ಯಾರೋ ಎರಡು ಮೂರು ವರ್ಷ ನೀರು ಹಾಕಿದ್ದನ್ನು. ಬೆಂಗಳೂರಿನ ನರ್ಸರಿಗಳಿಗೆ ಬರುವ ಅಲಂಕಾರದ ಗಿಡಗಳಲ್ಲಿ ಬಹಳಷ್ಟು ಆಂಧ್ರದ ರಾಜಮಹೇಂದ್ರವರಂ ಹತ್ತಿರದ ಕಡಿಯಂನಿಂದ ಲಾರಿಯಲ್ಲಿ ಬರುತ್ತವೆ. ಗೋದಾವರಿ ಬಯಲಿನ ತೇವದ ಗಾಳಿಯಲ್ಲಿ ಬೆಳೆದ ಗಿಡ ಮಾರ್ಚಿಯ ಬೆಂಗಳೂರಿನಲ್ಲಿ ಇಳಿದ ಕೂಡಲೇ ಎಲೆ ಉದುರಿಸಲು ಶುರು ಮಾಡುತ್ತದೆ. ಲಾರಿ ಬಾಡಿಗೆಯ ಜೊತೆಗೆ, ಹಾಗೆ ಸತ್ತ ಗಿಡಗಳ ಬೆಲೆಯೂ ನೀವು ಕೊಳ್ಳುವ ಗಿಡದ ಮೇಲೆ ಬೀಳುತ್ತದೆ.

ಗಣರಾಜ್ಯೋತ್ಸವದ ಲಾಲ್‌ಬಾಗ್ ಫಲಪುಷ್ಪ ಪ್ರದರ್ಶನ ನೋಡಿ ಬಂದವರು ಕೈತುಂಬ ಗಿಡ ಕೊಂಡು ಬರುವುದು ಈ ಊರಿನ ಹಳೆಯ ಚಾಳಿ. ಗಿಡ ನೆಡಲು ಅದಕ್ಕಿಂತ ಕೆಟ್ಟ ಕಾಲ ಇನ್ನೊಂದಿಲ್ಲ. ಮುಂದೆ ಮೂರು ತಿಂಗಳು ಒಣ ಗಾಳಿ, ಬೇರು ಇಳಿಯುವ ಮೊದಲೇ ಬಿಸಿಲು. ಆಗಸ್ಟಿನ ಸ್ವಾತಂತ್ರ್ಯೋತ್ಸವದ ಪ್ರದರ್ಶನಕ್ಕೆ ಹೋಗಿ ಕೊಳ್ಳಿ, ಅಡ್ಡಿಯಿಲ್ಲ.

ರೆಸಾರ್ಟಿನಲ್ಲಿ ನಿಮಗೆ ಕಾಡಿನಂತೆ ಕಂಡದ್ದು ಯಾಕೆ? ಅಪರೂಪದ ಗಿಡಗಳಿಂದಲ್ಲ. ಎಲೆಗಳು ದೊಡ್ಡವಿದ್ದವು, ಮೂರು ಅಂತಸ್ತಿನಲ್ಲಿದ್ದವು, ತಲೆಯ ಮೇಲೊಂದು, ಎದೆಮಟ್ಟಕ್ಕೊಂದು, ಪಾದದ ಬಳಿ ಒಂದು, ಮತ್ತು ಎಲ್ಲೂ ಬರಿ ಮಣ್ಣು ಕಾಣುತ್ತಿರಲಿಲ್ಲ. ಹೂವು ಎಷ್ಟಿದ್ದವು ನೆನಪು ಮಾಡಿಕೊಳ್ಳಿ. ಬಹುಶಃ ಬಾಳೆಯಂಥ ಎಲೆಯ ಹೆಲಿಕೋನಿಯಾದ ನಾಲ್ಕೋ ಐದೋ ಹೂಗೊನೆ, ಅಷ್ಟೇ. ಹತ್ತು ಬಗೆಯ ಗಿಡ ಒಂದೊಂದೇ ತಂದು ಸಾಲಾಗಿ ಕುಂಡದಲ್ಲಿಟ್ಟರೆ ಅದು ನರ್ಸರಿಯಂತೆ ಕಾಣುತ್ತದೆ. ಆರೇ ಬಗೆಯನ್ನು ಗುಂಪುಗುಂಪಾಗಿ, ಒಂದರ ಎಲೆ ಇನ್ನೊಂದನ್ನು ಮುಟ್ಟುವಷ್ಟು ಹತ್ತಿರ ನೆಟ್ಟರೆ ತೋಟವಾಗುತ್ತದೆ. ಬೆಲೆಗೂ ಇದಕ್ಕೂ ಸಂಬಂಧವಿಲ್ಲ.

ಆದರೆ ಬೆಂಗಳೂರು ಚಿಕ್ಕಮಗಳೂರಲ್ಲ, ತೀರ್ಥಹಳ್ಳಿಯಂತೂ ಅಲ್ಲ. ಇಲ್ಲಿ ವರ್ಷಕ್ಕೆ ಸುಮಾರು 1,000 ಮಿ.ಮೀ. ಮಳೆ, ಮಾರ್ಚಿಯ ಮಧ್ಯಾಹ್ನಗಳಲ್ಲಿ ಗಾಳಿಯ ತೇವಾಂಶ ಶೇ 30ರ ಆಸುಪಾಸಿಗೆ ಇಳಿದಿರುತ್ತದೆ. ಅಗಲ ಎಲೆಯ ಗಿಡಕ್ಕೆ ಆ ಗಾಳಿ ಅಂದರೆ ಒದ್ದೆ ಬಟ್ಟೆಯನ್ನು ಟೆರೇಸಿನ ಮೇಲೆ ಹರವಿದಂತೆ. ಅದರ ಮೇಲೆ ನಿಮ್ಮದು ಪಶ್ಚಿಮದ ಬಿಸಿಲು. ಮೂರು ಗಂಟೆಯ ಹೊತ್ತಿಗೆ ನಿಮ್ಮ ಮನೆಯ ಗೋಡೆ ಕೈಯಿಡಲಾರದಷ್ಟು ಕಾದಿರುತ್ತದೆ. ಸಾಲದ್ದಕ್ಕೆ ಜೂನ್‌ನಿಂದ ಆಗಸ್ಟ್‌ವರೆಗೆ ಬೀಸುವುದೂ ಪಡುವಣ ಗಾಳಿಯೇ. ಹಾಗಾಗಿ ಕ್ಯಾಲಥಿಯಾ, ಆಂಥೂರಿಯಂಗಳಂಥ ಸುಕುಮಾರಿಯರನ್ನು ಈಗಲೇ ಮರೆತುಬಿಡಿ. ನೋಡಲು ತೇವದ ನಾಡಿನದ್ದು, ಒಳಗೆ ಗಟ್ಟಿ ಜೀವ, ಅಂಥವು ನಮಗೆ ಬೇಕು.

ದುಡ್ಡು ಹೋಗಬೇಕಾದದ್ದು ಮಣ್ಣಿಗೆ. ಹದಿನೈದರಲ್ಲಿ 8,000 ಅಲ್ಲಿಗೇ ಎತ್ತಿಡಿ. ಗಿಡಕ್ಕೆ 3,000, ನೆರಳುಪರದೆ ಮತ್ತು ನೀರಿನ ಪೈಪಿಗೆ 2,500, ಉಳಿದ 1,500 ಕೈಯಲ್ಲಿರಲಿ. ಮೊದಲ ಮಳೆಗಾಲದಲ್ಲಿ ಏನಾದರೂ ಸತ್ತೇ ಸಾಯುತ್ತದೆ. ಈ ಪಾಲು ಕೇಳಿ ಎಲ್ಲರೂ ಮುಖ ಸಣ್ಣ ಮಾಡುತ್ತಾರೆ. ಮಣ್ಣಿಗೆ ಹಾಕಿದ ದುಡ್ಡು ಕಣ್ಣಿಗೆ ಕಾಣುವುದಿಲ್ಲವಲ್ಲ.

ಮನೆ ಕಟ್ಟಿದ ಜಾಗದ ದೊಡ್ಡ ತೊಂದರೆ ಜಲ್ಲಿಯಲ್ಲ, ಸಿಮೆಂಟು. ಅಲ್ಲಿನ ಒಂದು ಹಿಡಿ ಮಣ್ಣಿಗೆ ನಿಂಬೆರಸ ಹಿಂಡಿ ನೋಡಿ. ಚುಯ್ ಎಂದು ನೊರೆ ಎದ್ದರೆ ಸುಣ್ಣದ ಅಂಶ ತುಂಬಿದೆ ಎಂದರ್ಥ. ಅಂಥ ಮಣ್ಣಿನಲ್ಲಿ ಕಬ್ಬಿಣ ಇದ್ದರೂ ಬೇರಿಗೆ ಸಿಗದು. ಹೊಸ ಎಲೆ ಹಳದಿ, ನರ ಮಾತ್ರ ಹಸಿರು, ಹೀಗೆ ಕಾಣಿಸಿಕೊಳ್ಳುತ್ತದೆ. ಜನ ಅದಕ್ಕೆ ಗೊಬ್ಬರದ ಮೇಲೆ ಗೊಬ್ಬರ ಸುರಿಯುತ್ತಾರೆ.

ಇಡೀ ಜಾಗ ಅಗೆಸಬೇಡಿ, ಹಣ ಸಾಲದು. ಕಾಂಪೌಂಡಿನ ಉದ್ದಕ್ಕೂ 3 ಅಡಿ ಅಗಲದ ಪಾತಿ, ಒಂದು ತುದಿಯಲ್ಲಿ ಅದನ್ನು ಮನೆಯ ಕಡೆಗೆ ಮಡಚಿ ಇನ್ನೊಂದು 7 ಅಡಿ. ಒಟ್ಟು 96 ಚದರ ಅಡಿ. ಒಂದಡಿ ಆಳ ತೆಗೆಸಿದರೆ 96 ಘನ ಅಡಿ, ಹೆಚ್ಚು ಕಡಿಮೆ ಒಂದು ಟ್ರ್ಯಾಕ್ಟರ್ ಲೋಡು. ಎರಡು ಆಳಿನ ಒಂದು ದಿನದ ಕೆಲಸ. ತೆಗೆದ ಮಣ್ಣನ್ನು ಜರಡಿ ಹಿಡಿಸಿ, ಗಾರೆ ಚೂರು ಆಚೆ ಹಾಕಿಸಿ. ನೊರೆ ಬಾರದ ಮಣ್ಣು ಸಿಕ್ಕಿದರೆ ಅದನ್ನೇ ಬಳಸಬಹುದು, ಆಗ ಹೊರಗಿನಿಂದ ತರಿಸುವ ಕೆಂಪು ಮಣ್ಣು ಅಷ್ಟು ಕಮ್ಮಿ ಸಾಕು. ಎರಡು ಪಾಲು ಮಣ್ಣು, ಒಂದು ಪಾಲು ಕಳಿತ ಕೊಟ್ಟಿಗೆ ಗೊಬ್ಬರ, ಒಂದು ಪಾಲು ಕೊಕೊಪೀಟ್ (ತೆಂಗಿನ ನಾರಿನ ಪುಡಿ) ಅಥವಾ ಎಲೆಗೊಬ್ಬರ. ಕೊಕೊಪೀಟಿನ 5 ಕಿಲೋ ಇಟ್ಟಿಗೆ ನೆನೆದರೆ 70 ಲೀಟರಿನಷ್ಟು ಉಬ್ಬುತ್ತದೆ. ಒಮ್ಮೆ ನೆನೆಸಿ ಆ ನೀರು ಚೆಲ್ಲಿ ಬಳಸಿ, ಅದರಲ್ಲಿ ಉಪ್ಪಿರುತ್ತದೆ. ಗುಂಡಿಯ ತಳಕ್ಕೆ ಎಳನೀರು ಬುರುಡೆ ಹಾಸಿ. ಗಾಡಿಯವರ ಹತ್ತಿರ ಕೇಳಿದರೆ ಅವರೇ ಸಂತೋಷದಿಂದ ಚೀಲ ತುಂಬಿ ಕೊಡುತ್ತಾರೆ, ಕಸದವರಿಗೆ ಹೊರಿಸುವುದು ತಪ್ಪಿತಲ್ಲ. ಸಿಪ್ಪೆಯ ನಾರು ನೀರು ಹಿಡಿದಿಟ್ಟುಕೊಂಡು ನಿಧಾನವಾಗಿ ಬಿಡುತ್ತದೆ. ತೆಂಗಿನ ತೋಟಗಳಲ್ಲಿ ಸಿಪ್ಪೆ ಹೂಳುವುದೂ ಇದಕ್ಕೇ.

ಈ ಕೆಲಸ ಯುಗಾದಿಯೊಳಗೆ ಮುಗಿಸಬಹುದು. ಆಮೇಲೆ ಪಾತಿಯ ಮೇಲೆ ಅರ್ಧ ಅಡಿ ದಪ್ಪ ಒಣ ಎಲೆ ಹೊದಿಸಿ, ವಾರಕ್ಕೊಮ್ಮೆ ನೀರು ಚಿಮುಕಿಸುತ್ತ ಮೇ ತಿಂಗಳವರೆಗೆ ಸುಮ್ಮನೆ ಬಿಡಿ. ಎಲೆಗೆ ಎಲ್ಲಿಗೆ ಹೋಗುವುದು? ಫೆಬ್ರವರಿ, ಮಾರ್ಚಿಯಲ್ಲಿ ನಿಮ್ಮ ಬೀದಿಯ ಹೊಂಗೆ ಮರಗಳೇ ಉದುರಿಸುತ್ತವೆ. ಗುಡಿಸಿ ರಾಶಿ ಹಾಕಿ ಬೆಂಕಿ ಇಡುವ ಮೊದಲು ನೀವು ಹೋಗಿ ನಾಲ್ಕು ಚೀಲ ತುಂಬಿಕೊಳ್ಳಿ.

ನೀರಿನ ಮಾತು. 2024ರ ಮಾರ್ಚಿಯ ಬರದಲ್ಲಿ ಬೆಂಗಳೂರು ಜಲಮಂಡಳಿ ಕೈತೋಟಕ್ಕೆ ಕುಡಿಯುವ ನೀರು ಬಳಸುವುದನ್ನು ನಿಷೇಧಿಸಿ 5,000 ರೂಪಾಯಿ ದಂಡ ಗೊತ್ತುಮಾಡಿದ್ದು ನಿಮಗೂ ನೆನಪಿರಬಹುದು. ಅಂಥ ಬೇಸಿಗೆ ಮತ್ತೆ ಬರುವುದಿಲ್ಲ ಎಂದು ನಂಬಿ ತೋಟ ಮಾಡುವುದು ಬೇಡ. ನಿಮ್ಮ ಪಾತಿ ಸುಮಾರು 9 ಚದರ ಮೀಟರು. ಬಿರುಬೇಸಿಗೆಯಲ್ಲಿ ದಿನಕ್ಕೆ 50 ಲೀಟರ್ ಇದ್ದರೆ ನಡೆದುಹೋಗುತ್ತದೆ. ಅಕ್ಕಿ, ತರಕಾರಿ ತೊಳೆದ ನೀರು, ವಾಷಿಂಗ್ ಮೆಷಿನ್ನಿನ ಕೊನೆಯ ಜಾಲಾಡಿದ ನೀರು, ಆರ್‌ಒ ಯಂತ್ರದಿಂದ ಆಚೆ ಹೋಗುವ ನೀರು, ಇವಿಷ್ಟರಲ್ಲೇ ಅದು ಹುಟ್ಟುತ್ತದೆ. ಆರ್‌ಒ ನೀರಿನಲ್ಲಿ ಲವಣ ಜಾಸ್ತಿ, ಅದೊಂದನ್ನೇ ಹಾಕಿದರೆ ಎಲೆಯ ತುದಿ ಸುಡುತ್ತದೆ; ಬೇರೆ ನೀರಿನೊಂದಿಗೆ ಬೆರೆಸಿ. ಸಾಬೂನು ನೀರನ್ನು ಡ್ರಮ್ಮಿನಲ್ಲಿ ಕೂಡಿಡಬೇಡಿ, ಒಂದೇ ದಿನಕ್ಕೆ ನಾರುತ್ತದೆ. ಮೆಷಿನ್ನಿನ ಪೈಪನ್ನು ನೇರ ಕಾಬಾಳೆಯ ಬುಡಕ್ಕೆ ಬಿಡಿ. ಕೊಳಚೆ ನೀರು ಶುದ್ಧ ಮಾಡುವ ಗಿಡಪಾತಿಗಳಲ್ಲಿ ಕಾಬಾಳೆಯನ್ನೇ ಹಾಕುತ್ತಾರೆ, ಅಷ್ಟು ಗಟ್ಟಿ. ನಿಮ್ಮ ತವರಿನಲ್ಲಿ ಅದು ಬಚ್ಚಲ ಹಿಂದೆ ಸೊಕ್ಕಿ ಬೆಳೆದಿರುವುದೂ ಈ ಕಾರಣಕ್ಕೇ.

ಲಾನ್ ಬೇಡ ಎನ್ನಲೂ ಇದೇ ಕಾರಣ. ಇಡೀ ಜಾಗಕ್ಕೆ ಹುಲ್ಲು ಹಾಸಿದರೆ ಇದರ ಎರಡರಷ್ಟಕ್ಕೂ ಮಿಕ್ಕಿ ನೀರು ಬೇಕು, ಮೇಲೆ ಬಾಳೆಯ ನೆರಳಿನಲ್ಲಿ ಹುಲ್ಲು ಬೋಳಾಗುತ್ತದೆ. ಉಳಿದ 7 ಅಡಿ ಅಗಲದ ಜಾಗದಲ್ಲಿ ಹಳೆಯ ಚಪ್ಪಡಿ ಕಲ್ಲುಗಳನ್ನು ಅಲ್ಲಲ್ಲಿ ಹೂತು, ನಡುವೆ ಮರಳು ತುಂಬಿಸಿ. ಮಗನಿಗೆ ಹುಲ್ಲಿಗಿಂತ ಮರಳೇ ಇಷ್ಟವಾಗುತ್ತದೆ, ನೋಡಿ. ಬೆಳ್ಳಗಿನ ಪೆಬಲ್ಸ್ ಹಾಕಿಸಬೇಡಿ. ಪಶ್ಚಿಮದ ಬಿಸಿಲನ್ನು ಗಿಡಗಳ ಹೊಟ್ಟೆಗೇ ಎಸೆಯುತ್ತವೆ, ಮಳೆಗಾಲದಲ್ಲಿ ಪಾಚಿ ಕಟ್ಟುತ್ತವೆ. ಹುಲ್ಲಿಗೆ ಬದಲು ಅಂತ ನರ್ಸರಿಯವರು ಹಳದಿ ಹೂವಿನ ವೆಡೇಲಿಯಾ ಕೊಡಲು ಬಂದರೆ ಅದೂ ಬೇಡ. ಅಗ್ಗ ನಿಜ. ಆದರೆ ತುಂಡು ಬಿದ್ದಲ್ಲೆಲ್ಲ ಬೇರು ಬಿಡುವ ಆಕ್ರಮಣಕಾರಿ ಬಳ್ಳಿ ಅದು. ಲಂಟಾನವೂ ನಮ್ಮ ದೇಶಕ್ಕೆ ಬಂದದ್ದು ತೋಟದ ಅಲಂಕಾರಕ್ಕೆಂದೇ.

ಈಗ ಗಿಡಗಳು. ಮೇಲಿನ ಅಂತಸ್ತಿಗೆ ಬಾಳೆಯನ್ನು ಮೀರಿಸಿದ್ದು ಇಲ್ಲ. ಹತ್ತು ತಿಂಗಳಲ್ಲಿ ನಿಮ್ಮ ತಲೆಯ ಮೇಲೆ ಆರಡಿ ಉದ್ದದ ಎಲೆ ಬಿಚ್ಚುವ ಗಿಡವನ್ನು ಯಾವ ನರ್ಸರಿಯೂ ಇಷ್ಟು ಅಗ್ಗಕ್ಕೆ ಕೊಡಲಾರದು. ತವರಿನಿಂದ ಕಂದು, ಅಂದರೆ ಬುಡದ ಮರಿಗಿಡ, ತರುವಾಗ ಕತ್ತಿಯಂತೆ ಸಪೂರ ಎಲೆಯ, ಬುಡ ದಪ್ಪಗಿರುವ ಕಂದನ್ನೇ ಆರಿಸಿ. ಪುಟ್ಟದಿರುವಾಗಲೇ ಅಗಲ ಎಲೆ ಬಿಟ್ಟು ಚೆಂದ ಕಾಣುವ ಕಂದಿಗೆ ಗಡ್ಡೆಯಲ್ಲಿ ಬಲವಿರುವುದಿಲ್ಲ. ತುದಿಯಲ್ಲಿ ಎಲೆಗಳೆಲ್ಲ ಕಿರಿದಾಗಿ ಗೊಂಚಲುಗಟ್ಟಿ ನಿಂತ ಬಾಳೆಯ ಬುಡದ್ದನ್ನು ಮುಟ್ಟಲೇಬೇಡಿ. ಅದು ವೈರಸ್ ರೋಗ, ಕಂದಿನೊಂದಿಗೇ ಬರುತ್ತದೆ. ಬೇರು ಸವರಿ, ಎಲೆ ಕತ್ತರಿಸಿ, ಗೋಣಿಚೀಲದಲ್ಲಿ ಸುತ್ತಿದರೆ ಎರಡು ಮೂರು ದಿನ ಏನೂ ಆಗುವುದಿಲ್ಲ. ಚಂದ್ರಬಾಳೆಯ ಕಂದು ಸಿಕ್ಕಿದರೆ ಬಿಡಬೇಡಿ. ದಿಂಡು, ಎಲೆಯ ನಡುನರ ಎರಡರಲ್ಲೂ ಕೆಂಪು ಛಾಯೆ ಇರುವುದರಿಂದ ಅಲಂಕಾರಕ್ಕೆಂದೇ ಹುಟ್ಟಿದಂತಿರುತ್ತದೆ. ಗೊನೆ ತಡವಾಗುತ್ತದೆ, ನಮಗೆ ಅವಸರವೂ ಇಲ್ಲ. ಗಾಳಿ ಜೋರಿರುವ ಕಡೆ ಗಿಡ್ಡ ತಳಿ ಜಿ-9 ಮೇಲು.

ಬಾಳೆಯನ್ನು ಪಾತಿ ಮಡಚುವ ಮೂಲೆಯಲ್ಲಿ ಇಡಿ, ಅಲ್ಲಿ ಗಾಳಿ ಕಡಿಮೆ. ಒಂದು ಬುಡದಲ್ಲಿ ತಾಯಿ, ಮಗಳು, ಮೊಮ್ಮಗಳು ಮೂರೇ ಇರಲಿ, ಉಳಿದವನ್ನು ಕಿತ್ತು ನೆರೆಯವರಿಗೆ ಕೊಡಿ. ಜುಲೈ ಗಾಳಿಗೆ ಎಲೆ ಸೀಳುತ್ತದೆ. ಅದು ರೋಗವಲ್ಲ, ಗಾಳಿಯನ್ನು ದಾಟಿ ಹೋಗಗೊಟ್ಟು ಗಿಡ ಉರುಳದಂತೆ ನೋಡಿಕೊಳ್ಳುವ ಉಪಾಯ. ಬಾಳೆಯ ಬೇರಿನಿಂದ ಪಾಯಕ್ಕೆ ಅಪಾಯವಿಲ್ಲ, ಆದರೆ ಬುಡದ ತೇವ ಗೋಡೆಗೆ ಏರದಿರಲು ಮನೆಯ ಗೋಡೆಯಿಂದ 3 ಅಡಿ ದೂರವಿರಲಿ. ಇನ್ನೊಂದು ತುದಿಗೆ ಒಂದೆರಡು ಪರಂಗಿ ಗಿಡ. ತಿಂದ ಹಣ್ಣಿನ ಬೀಜವೇ ಸಾಕು. ನಾಜೂಕು ಗಿಡಗಳಿಗೆ ಮೊದಲ ವರ್ಷದ ನೆರಳು ಅದೇ ಕೊಡುತ್ತದೆ.

ನಡುವಿನ ಅಂತಸ್ತಿಗೆ ಕಾಬಾಳೆ, ದೊಡ್ಡ ಎಲೆಯ ಕೆಸು, ಹೆಲಿಕೋನಿಯಾ. ಮೂರೂ ಗಡ್ಡೆಯಿಂದ ಬರುವಂಥವು, ಎರಡು ಮೂರು ಕಣ್ಣಿರುವ ತುಂಡು ಸಾಕು. ಹೆಲಿಕೋನಿಯಾ ಮೂಲತಃ ಅಮೆರಿಕ ಖಂಡದ ಉಷ್ಣವಲಯದ್ದಾದರೂ ಈಗ ಮಲೆನಾಡಿನ ತೋಟಗಳಲ್ಲಿ ಮನೆಮಗಳೇ ಆಗಿದೆ. ನಾಲ್ಕೈದು ಗಂಟೆ ಬಿಸಿಲು ಬಿದ್ದರೇ ಹೂ ಬಿಡುವುದು, ಆ ಮಟ್ಟಿಗೆ ನಿಮ್ಮ ಪಶ್ಚಿಮದ ಬಿಸಿಲು ವರವೇ. ಕೆಸುವನ್ನು ಬಾಳೆಯ ಪೂರ್ವಕ್ಕೆ, ಮಧ್ಯಾಹ್ನದ ನೆರಳು ಬೀಳುವ ಕಡೆ ಹಾಕಿ. ಬಣ್ಣಕ್ಕೆ ಕ್ರೋಟನ್ ಮತ್ತು ಕೆಂಪೆಲೆಯ ಕಾರ್ಡಿಲೈನ್. ಎರಡೂ ಕಡ್ಡಿಯಿಂದ ಬರುತ್ತವೆ. ಅಕ್ಕಪಕ್ಕದವರು ಸವರಿ ಎಸೆಯುವ ಕೊಂಬೆಯನ್ನು ಅರ್ಧ ಅಡಿ ತುಂಡು ಮಾಡಿ ಜೂನ್ ಮಳೆಯಲ್ಲಿ ಚುಚ್ಚಿ.

ನೆಲಕ್ಕೆ ಜರಿಗಿಡ, ಅರಿಶಿನ, ಮತ್ತು ಎಲೆಯ ಅಡಿ ನೇರಳೆ ಬಣ್ಣವಿರುವ ರಿಯೋ. ಬಿಸಿಲಿನ ಅಂಚಿಗೆ ರಿಯೋ, ನೆರಳಿಗೆ ಜರಿ. ಕಾಂಪೌಂಡಿನ ಒಂದು ಕಡೆ ದಪ್ಪ ಪೈಪಿನ ತುಂಡಿಗೆ ತೆಂಗಿನ ನಾರು ಸುತ್ತಿ ನಿಲ್ಲಿಸಿ ಮನಿಪ್ಲಾಂಟ್ ಹತ್ತಿಸಿ. ಬಾಟಲಿಯಲ್ಲಿ ಅಂಗೈಯಗಲ ಇರುವ ಅದರ ಎಲೆ, ಮೇಲೇರಲು ಆಸರೆ ಸಿಕ್ಕಾಗ ಮೊರದಗಲವೂ ಆಗಬಲ್ಲದು. ಕದ್ದು ತಂದರೇ ಮನಿಪ್ಲಾಂಟ್ ಚೆನ್ನಾಗಿ ಬರುತ್ತದೆ ಎಂಬ ನಂಬಿಕೆಯ ಬಗ್ಗೆ ನನ್ನ ಅಭಿಪ್ರಾಯ ಕೇಳಬೇಡಿ. ಕೇಳಿ ತಂದದ್ದೂ ಬರುತ್ತದೆ.

ಗಿಡಕ್ಕಿಟ್ಟ 3,000ದಲ್ಲಿ ಏನು ಕೊಳ್ಳುವುದು? ನಿಧಾನ ಬೆಳೆಯುವುದನ್ನು ಮಾತ್ರ. ಒಂದು ಅರೆಕಾ ಪಾಮ್, ಸೀಳು ಸೀಳು ಎಲೆಯ ಒಂದು ಮಾನ್ಸ್‌ಟೆರಾ. ಹೆಸರು ಕೇಳಿ ಅಡಿಕೆ ಅಂದುಕೊಳ್ಳಬೇಡಿ, ಅರೆಕಾ ಪಾಮ್ ಮಡಗಾಸ್ಕರ್ ಮೂಲದ ಬೇರೆಯೇ ಗಿಡ, ಮೊಳೆ ಒಡೆದು ಗುಂಪಾಗುತ್ತದೆ. ಎತ್ತರದ ಎರಡು ಕಾಂಡದ್ದಕ್ಕಿಂತ ಗಿಡ್ಡವಾಗಿ ಏಳೆಂಟು ಕಾಂಡವಿರುವುದನ್ನೇ ಕೊಳ್ಳಿ. ಲಾಲ್‌ಬಾಗ್ ಪಕ್ಕದ ಸಿದ್ದಾಪುರದ ನರ್ಸರಿಗಳಲ್ಲಿ ಜುಲೈ ತಿಂಗಳ ವಾರದ ನಡುವಿನ ದಿನ ಹೋದರೆ ಚೌಕಾಸಿಗೆ ಅವರಿಗೂ ಪುರಸೊತ್ತಿರುತ್ತದೆ. ಬೀಸಣಿಗೆಯಂತೆ ಬಿಚ್ಚಿಕೊಳ್ಳುವ ಟ್ರಾವೆಲರ್ಸ್ ಪಾಮ್ ನೋಡಿ ಮನಸೋಲಬೇಡಿ. ನಿಮ್ಮ ಹತ್ತಡಿಯಲ್ಲಿ ಅದಕ್ಕೆ ಕೈಚಾಚಲೂ ಜಾಗ ಸಾಲದು.

ನೆಡುವ ಕಾಲ ಮೇ ಕೊನೆ, ಒಂದೆರಡು ಒಳ್ಳೆಯ ಮಳೆ ಬಿದ್ದ ಮೇಲೆ. ಆಗ ತವರಿಗೆ ಹೋಗಿ ಬನ್ನಿ. ನೆರಳುಪರದೆಯನ್ನು ಛಾವಣಿಯಂತೆ ಕಟ್ಟಬೇಡಿ. ಬಿದಿರು ನೆಟ್ಟು ಕಾಂಪೌಂಡಿನ ಮೇಲಕ್ಕೆ ನಾಲ್ಕು ಅಡಿ ಎತ್ತರಕ್ಕೆ, ಪಶ್ಚಿಮಕ್ಕೆ ಅಡ್ಡಲಾಗಿ ಶೇ 50 ನೆರಳಿನ ಪರದೆ ಕಟ್ಟಿ. ಬಿಸಿಲು, ಗಾಳಿ ಎರಡಕ್ಕೂ ತಡೆಯಾಗುತ್ತದೆ. ಮುಂದಿನ ಬೇಸಿಗೆ ದಾಟಿದ ಮೇಲೆ ಬಿಚ್ಚಬಹುದು. ಬೆಂಗಳೂರಿನಲ್ಲಿ ಮಳೆ ಹೆಚ್ಚು ಸುರಿಯುವುದು ಸೆಪ್ಟೆಂಬರ್, ಅಕ್ಟೋಬರಿನಲ್ಲಿ. ದಸರೆಯ ಹೊತ್ತಿಗೆ ಕಾಬಾಳೆ ಎದೆಮಟ್ಟ, ಕೆಸು ಮೊಣಕಾಲು ದಾಟಿ, ಬಾಳೆ ನಿಮ್ಮೆತ್ತರ ಇರುತ್ತದೆ.

ಮಗನ ವಿಷಯ ಗಂಭೀರವಾಗಿ ತೆಗೆದುಕೊಳ್ಳಿ. ಕೆಸು, ಮಾನ್ಸ್‌ಟೆರಾ, ಮನಿಪ್ಲಾಂಟ್ ಇವುಗಳ ಎಲೆ ಕಚ್ಚಿದರೆ ಬಾಯಿ, ಗಂಟಲು ತುರಿಸಿ ಊದಿಕೊಳ್ಳುತ್ತದೆ. ಅವನ ಕೈಗೆ ಎಟುಕದಂತೆ ಕಾಂಪೌಂಡಿನ ಕಡೆಗೆ ಹಾಕಿ, ಮುಂದೆ ಜರಿ, ಅರಿಶಿನ ಇರಲಿ. ಇನ್ನೂ ಹೆಚ್ಚು ತುರಿಸುವ ಡೈಫೆನ್‌ಬೇಕಿಯಾವನ್ನು ತರಲೇಬೇಡಿ. ಬೇಗ ಬೆಳೆಯುತ್ತದೆಂದು ಹರಳು (ಔಡಲ) ಗಿಡ ಹಾಕುವವರಿದ್ದಾರೆ, ಅದರ ಬೀಜ ವಿಷ. ಕಣಗಿಲೆಯೂ ಬೇಡ. ಮಣ್ಣಿನ ಮೇಲೆ ಎಲ್ಲಾದರೂ ಎಳನೀರು ಬುರುಡೆ ಉಳಿದಿದ್ದರೆ ಬಾಯಿ ಕೆಳಗೆ ಮಾಡಿ, ಡೆಂಗಿ ಸೊಳ್ಳೆಗೆ ಎರಡು ಚಮಚ ನೀರು ಸಾಕು. ಮಳೆಗಾಲದ ರಾತ್ರಿ ಆಫ್ರಿಕಾದ ದೊಡ್ಡ ಬಸವನಹುಳು ಬಂದರೆ ಟಾರ್ಚ್ ಹಿಡಿದು, ಕೈಗವಸು ಹಾಕಿಕೊಂಡು ಆರಿಸಿ ಉಪ್ಪುನೀರಿನ ಬಕೆಟ್ಟಿಗೆ ಹಾಕಿ. ಬರಿಗೈಯಲ್ಲಿ ಮುಟ್ಟಬಾರದು, ಮಗುವಿಗಂತೂ ಮುಟ್ಟಲು ಬಿಡಬಾರದು.

ಜನವರಿ ಹೊತ್ತಿಗೆ ಅರಿಶಿನದ ಎಲೆ ಒಣಗಿ ಬೀಳುತ್ತದೆ, ನೀರು ಕಮ್ಮಿಯಾದರೆ ಕೆಸುವೂ ಮಲಗುತ್ತದೆ. ಸತ್ತಿತೆಂದು ಅಗೆದು ಎಸೆಯಬೇಡಿ. ಅರಿಶಿನದ ಅರ್ಧ ಗಡ್ಡೆ ಅಡುಗೆಮನೆಗೆ ತೆಗೆದುಕೊಂಡು, ಅರ್ಧ ಹಾಗೆಯೇ ಬಿಟ್ಟು, ಮೇಲೆ ಹೊಂಗೆ ಎಲೆ ಮುಚ್ಚಿ. ಮೇ ಮಳೆಗೆ ಎರಡೂ ಮತ್ತೆ ಚಿಗುರುತ್ತವೆ.